ಅಜ್ಜಿಯಿಲ್ಲದ ಹೆಸರು

ಕಾಲುಚೀಲದ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಜೋಡಿಯಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರೊಂದಿತ್ತು. ಅದು ಇಲ್ಲಿ ಬೇಡ, ಅವಳಿಗೇ ಬೇಡವಾಗಿದ್ದ ಹೆಸರದು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕೆಲಸ ಕೇಳಿಕೊಂಡು ಹೋದಾಗ ಮೇಸ್ತ್ರಿ, "ಏನಮ್ಮ ನಿನ್ನ ಹೆಸರು?" ಎಂದದ್ದಕ್ಕೆ, "ಏನಾದ್ರೂ ಕರೀರಿ, ಬಂದು ನಿಲ್ತೀನಿ," ಎಂದಿದ್ದಳು. ಮೇಸ್ತ್ರಿ ನಕ್ಕು ಜೋಡಿ ವಿಭಾಗಕ್ಕೆ ಕಳಿಸಿದ. ಅಲ್ಲಿ ಮೂವತ್ತೊಂದು ವರ್ಷ ನಿಂತಳು.

ಜೋಡಿ ಹಾಕುವ ಕೆಲಸ ಎಂದರೆ ಕೇಳಿದವರಿಗೆ ನಗು. ಎರಡು ಕಾಲುಚೀಲ ತೆಗೆದು ಒಂದರ ಮೇಲೊಂದು ಇಡುವುದಕ್ಕೂ ಸಂಬಳವೇ ಎನ್ನುತ್ತಾರೆ. ಒಂದು ದಿನ ನಿಂತು ನೋಡಲಿ, ಗೊತ್ತಾಗುತ್ತದೆ. ಒಂದೇ ಯಂತ್ರದಿಂದ, ಒಂದೇ ನೂಲಿನಿಂದ, ಒಂದೇ ಗಂಟೆಯಲ್ಲಿ ಇಳಿದ ನೂರು ಚೀಲಗಳಲ್ಲಿ ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಒಂದು ಬೆರಳಗಲ ಉದ್ದ, ಇನ್ನೊಂದರ ಹಿಮ್ಮಡಿ ಬಿಗಿ, ಮತ್ತೊಂದು ಬಣ್ಣವನ್ನು ಒಂದು ಗುಟುಕು ಹೆಚ್ಚೇ ಕುಡಿದಿರುತ್ತದೆ. ರಾಶಿಯನ್ನು ತಂದು ಮೇಜಿನ ಮೇಲೆ ಸುರಿದರೆ ಎರಡು ಗಂಟೆಯೊಳಗೆ ಕಣ್ಣು ಸೋಲುತ್ತದೆ. ಆಮೇಲೆ ದುಡಿಯುವುದು ಬೆರಳು ಮಾತ್ರ. ಜೋಡಿಯಕ್ಕನ ಬೆರಳು ರಾಶಿಯೊಳಗೆ ಹೋದರೆ ಒಂಟಿಯನ್ನು ಹಿಡಿದುಕೊಂಡೇ ಹೊರಗೆ ಬರುತ್ತಿತ್ತು. ಉಳಿದವುಗಳಿಗೆ ಹೊಂದದ್ದು ಎಲ್ಲಿ ಅವಿತಿರಲಿ, ಮೊದಲು ಅದನ್ನು ಎಳೆದು ಪಕ್ಕದ ಬುಟ್ಟಿಗೆ ಎಸೆಯುವುದು, ಆಮೇಲೆ ಉಳಿದವನ್ನು ಜೋಡಿಸುವುದು. ಹದಿಮೂರು ವರ್ಷವಾಗುವಷ್ಟರಲ್ಲಿ ಇದು ಕೆಲಸದ ಕ್ರಮವಾಗಿ ಉಳಿಯದೆ ಚಟವಾಗಿತ್ತು. ಕೈಚೀಲಕ್ಕೆ ಕೈ ಹಾಕಿದರೂ ಮೊದಲು ಸವೆದ ಗುಂಡಿ ಬರುತ್ತಿತ್ತು, ಆಮೇಲೆ ಬೀಗದ ಕೈ.

ಹೆಸರಿನ ಮೇಲಿನ ಸಿಟ್ಟು ಎಲ್ಲಿಂದ ಬಂತು ಎಂದರೆ, ಅವಳಿಗೆ ಇಟ್ಟದ್ದು ಅಪ್ಪನ ತಾಯಿಯ ಹೆಸರು. ಆ ಮುದುಕಿ ಬದುಕಿದ್ದಷ್ಟು ದಿನ ಬೀದಿಯಲ್ಲಿ ಯಾರೊಂದಿಗೂ ಜಗಳವಾಡದೆ ಬಿಟ್ಟವಳಲ್ಲ. ಸೊಸೆಯ ಬೆನ್ನಿಗೆ ಸೌಟು ಎಸೆಯುವುದರಲ್ಲಿ ಗುರಿ ತಪ್ಪಿದವಳೂ ಅಲ್ಲ. ಅವಳು ಸತ್ತ ಮೂರನೆಯ ತಿಂಗಳಿಗೆ ಮೊಮ್ಮಗಳು ಹುಟ್ಟಿದಳು, ಹೆಸರು ಮೊಮ್ಮಗಳ ಕೊರಳಿಗೆ ಬಿತ್ತು. ಹಾಲು ಚೆಲ್ಲಿದರೆ, "ಥೇಟ್ ಆ ಮುದುಕೀನೇ." ನಕ್ಕರೆ, "ಹಲ್ಲು ನೋಡು, ಅವಳದ್ದೇ." ಅತ್ತರೆ, "ಅದೇ ನಾಟಕ." ಅತ್ತೆ ಬದುಕಿದ್ದಾಗ ಬಾಯಿ ತೆಗೆಯಲಾಗದ ತಾಯಿ, ಅದೇ ಹೆಸರು ಹಿಡಿದು ಮಗಳನ್ನು ಮನಸಾರೆ ಬೈದು ಹೊಟ್ಟೆ ತಣ್ಣಗೆ ಮಾಡಿಕೊಂಡಳು. ಬೈಗುಳ ಯಾರಿಗೆ ಸೇರಬೇಕಿತ್ತು ಎಂದು ಮಗುವಿಗೆ ಗೊತ್ತಾಗುವಷ್ಟರಲ್ಲಿ ಅದು ಮಗುವಿನ ಮೈಗೇ ಅಂಟಿತ್ತು.

"ಹಳೇ ಹೆಸರು ಹಳೇ ಚಪ್ಪಲಿ ಇದ್ದ ಹಾಗೆ ಕಣ್ರೇ," ಎಂದು ಜೋಡಿಯಕ್ಕ ಮೇಜಿನ ಸುತ್ತ ಕುಳಿತವರಿಗೆ ಹೇಳುತ್ತಿದ್ದಳು. "ಇನ್ನೊಬ್ಬರ ಹೆಬ್ಬೆರಳಿನ ಗುಳಿ ಅದರಲ್ಲಿರುತ್ತೆ. ಎಷ್ಟು ನಡೆದ್ರೂ ನಮ್ಮ ಕಾಲು ಅದರೊಳಗೇ ಜಾರುತ್ತೆ."

ಇಪ್ಪತ್ತೆಂಟಕ್ಕೆ ಮದುವೆಯಾದಳು. ಗಂಡ ಬಸ್ ಡಿಪೋದಲ್ಲಿ ಟೈರು ಬದಲಿಸುವವನು. ಕೈ ಕಬ್ಬಿಣ, ಮಾತು ಹತ್ತಿ. ತಾಯಿ ಮತ್ತು ಹೆಂಡತಿ ಎರಡು ಕಡೆ ಎಳೆದಾಗಲೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟು ತಟ್ಟೆಯ ಮೇಲೆ ಬಗ್ಗುವವನು. ಅತ್ತೆ ವಿಧವೆ, ಕುಳ್ಳಿ, ಗೇಟಿನ ಚಿಲಕದ ಹಾಗೆ ಗಟ್ಟಿ. ನಾಲ್ಕು ವರ್ಷದ ಮೇಲೆ ಹೆಣ್ಣು ಮಗು ಹುಟ್ಟಿದಾಗ ಅತ್ತೆ ಆಸ್ಪತ್ರೆಯ ಮಂಚದ ಪಕ್ಕದಲ್ಲೇ ತೀರ್ಪು ಕೊಟ್ಟಳು.

"ನಮ್ಮಮ್ಮನ ಹೆಸರು."

ಅತ್ತೆಯ ತಾಯಿ ಒಳ್ಳೆಯವಳೇ ಇದ್ದಿರಬಹುದು. ಆದರೆ ಒಳ್ಳೆಯವರ ಹೆಸರು ಇನ್ನೂ ಕಷ್ಟ. ಮಗು ಏನು ಮಾಡಿದರೂ, "ಅವರ ಹೆಸರಿಟ್ಟುಕೊಂಡು ಹೀಗೆ ಮಾಡ್ತೀಯಾ?" ಎನ್ನುತ್ತಾರೆ. ಮಗಳು ಯಾರ ಬದಲಿಗೂ ಹುಟ್ಟಿದವಳಲ್ಲ. ಅದೊಂದನ್ನು ಬಿಟ್ಟುಕೊಡಬಾರದು ಎಂದು ಜೋಡಿಯಕ್ಕ ಹಾಸಿಗೆಯಲ್ಲೇ ಹಲ್ಲು ಕಚ್ಚಿದಳು.

"ನಮ್ಮ ವಿಭಾಗದಲ್ಲಿ ಪದ್ಧತಿ ಒಂದಿದೆ ಅತ್ತೆ. ಚೀಟಿ ಎತ್ತಬೇಕು," ಎಂದಳು.

ಪದ್ಧತಿ ಇದ್ದದ್ದು ನಿಜ. ಹಿಂದೊಮ್ಮೆ ಯಾರದೋ ಮಗುವಿಗೆ ಹೆಸರು ಸೂಚಿಸುವ ವಿಷಯದಲ್ಲಿ ಇಬ್ಬರು ಹೆಂಗಸರು ಜಗಳವಾಡಿ, ಒಂದೇ ಮೇಜಿನಲ್ಲಿ ಎದುರುಬದುರು ಕೂತು ಏಳು ತಿಂಗಳು ಮಾತು ಬಿಟ್ಟಿದ್ದರು. ಮಾತಿಲ್ಲದ ಮೇಜಿನಲ್ಲಿ ಜೋಡಿ ಸರಿಯಾಗುವುದಿಲ್ಲ. ಪೆಟ್ಟಿಗೆಗಟ್ಟಲೆ ಮಾಲು ಒಂದು ಉದ್ದ ಒಂದು ಗಿಡ್ಡವಾಗಿ ಹೊರಗೆ ಹೋಗಿ, ಅಷ್ಟೇ ಬೇಗ ವಾಪಸ್ಸು ಬಂತು. ಆಗ ಇಸ್ತ್ರಿ ದೊಡ್ಡಮ್ಮ ನಿಯಮ ಮಾಡಿದಳು. ಬಿಸಿ ಮಾಡಿದ ಲೋಹದ ಕಾಲುಗಳಿಗೆ ಚೀಲ ತೊಡಿಸಿ ಸುಕ್ಕು ಬಿಡಿಸುವುದು ಅವಳ ಕೆಲಸ. ವಿಭಾಗದಲ್ಲಿ ಹಿರಿಯಳು, ಮೇಸ್ತ್ರಿಯನ್ನೂ "ಲೋ" ಎನ್ನುವವಳು. ನಿಯಮ ಇಷ್ಟು: ಯಾರಿಗೆ ಮಗುವಾದರೂ ತಿಂಗಳೊಳಗೆ ಊಟದ ಬಿಡುವಿನಲ್ಲಿ ಕರೆತರಬೇಕು. ಎಲ್ಲರೂ ಒಂದೊಂದು ಹೆಸರು ಬರೆದು ಕಾಲುಚೀಲಕ್ಕೆ ಹಾಕಬೇಕು. ತಾಯಿ ಕಣ್ಣು ಮುಚ್ಚಿ ಒಂದೇ ಸಲ ಕೈ ಹಾಕಬೇಕು. ಚೀಲದಿಂದ ಬಂದದ್ದೇ ಹೆಸರು. ಮೇಲ್ಮನವಿ ಇಲ್ಲ.

ಅತ್ತೆ ಇದಕ್ಕೆ ಎರಡು ಮಾತಾಡದೆ ಒಪ್ಪಿದಾಗಲೇ ಜೋಡಿಯಕ್ಕನಿಗೆ ಅನುಮಾನ ಬರಬೇಕಿತ್ತು. ಬಾಣಂತಿಗೆ ನಿದ್ದೆಯೇ ಇರಲಿಲ್ಲ, ಅನುಮಾನಕ್ಕೆ ಬಿಡುವೆಲ್ಲಿ?

ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಅತ್ತೆ ಸೊಸೆ ಇಬ್ಬರೂ ಮಗುವನ್ನು ಹೊತ್ತುಕೊಂಡು ಕಾರ್ಖಾನೆಗೆ ಬಂದರು. ಯಂತ್ರಗಳು ನಿಂತಿದ್ದವು. ಕಿವಿಯಲ್ಲಿ ಮಾತ್ರ ಇನ್ನೂ ಓಡುತ್ತಿದ್ದವು. ಹನ್ನೆರಡು ಹೆಂಗಸರು ಮಗುವನ್ನು ಕೈಯಿಂದ ಕೈಗೆ ದಾಟಿಸಿ, ಮೂಗು ಯಾರದು, ಕಿವಿ ಯಾರದು ಎಂದು ಹಂಚಿ ಮುಗಿಸಿದರು. ಅತ್ತೆ ಸ್ಟೂಲಿನ ಮೇಲೆ ಮಹಾರಾಣಿಯ ಹಾಗೆ ಕುಳಿತಳು. ಮುಖದಲ್ಲಿ ಬೆಣ್ಣೆ ಕದ್ದ ಬೆಕ್ಕಿನ ಸಮಾಧಾನ.

ಕಂದು ಸುತ್ತುಕಾಗದ ಹರಿದು ಹನ್ನೆರಡು ಚೀಟಿಯಾಯಿತು. ಇಸ್ತ್ರಿ ದೊಡ್ಡಮ್ಮ ಚೀಲ ಹಿಡಿದು ನಿಂತಳು. "ಇಸ್ತ್ರಿ ಕಾಣದ ಹೊಸಾ ಚೀಲ ಕಣೇ ಇದು. ಈಗಷ್ಟೇ ಹೆಣಿಗೆಯಿಂದ ಇಳಿದದ್ದು. ನಿನ್ನ ಮಗಳ ಹಾಗೆ," ಎಂದಳು.

ಅವಳು ತಪ್ಪಿದ್ದು ಅಲ್ಲೇ. ಹೆಣಿಗೆ ವಿಭಾಗದವರು ಪ್ರತಿ ಕಟ್ಟಿನ ಮೊದಲ ಚೀಲದ ತುದಿಯಲ್ಲಿ ಒಂದು ಲಾಟ್ ಚೀಟಿ ತುರುಕಿರುತ್ತಾರೆ. ನೂಲು ಯಾವುದು, ನಂಬರು ಎಷ್ಟು ಎಂದು ಅದರಲ್ಲಿರುತ್ತದೆ. ಲೋಹದ ಕಾಲಿಗೆ ತೊಡಿಸುವ ಮುಂಚೆ ದೊಡ್ಡಮ್ಮ ಅದನ್ನು ತೆಗೆದು ಮೊಳೆಗೆ ಚುಚ್ಚುತ್ತಿದ್ದಳು. ಆ ಕೆಲಸ ಮಾಡುತ್ತಿದ್ದದ್ದು ಅವಳ ಕೈ, ತಲೆಯಲ್ಲ. ಇಂದು ಎದುರಿಗೆ ಲೋಹದ ಕಾಲಿರಲಿಲ್ಲ, ಕೈಗೆ ನೆನಪಾಗಲಿಲ್ಲ.

ಜೋಡಿಯಕ್ಕ ಕಣ್ಣು ಮುಚ್ಚಿ ಕೈ ಹಾಕಿದಳು. ಒರಟು ಕಾಗದದ ಮಡಿಕೆಗಳು. ಒಂದು, ಎರಡು, ನಾಲ್ಕು, ಎಲ್ಲ ಒಂದೇ ಥರ. ತುದಿಯಲ್ಲಿ ಒಂದು ನುಣುಪು ಚೂರು, ತೆಳುವಾದದ್ದು. ಉಳಿದವಕ್ಕೆ ಹೊಂದದ್ದು. ಹದಿಮೂರು ವರ್ಷ ಒಂಟಿಯನ್ನೇ ಮೊದಲು ಎಳೆದ ಬೆರಳು, ಬೇರೆ ಇನ್ನೇನು ಮಾಡೀತು? ಎಳೆದು ಹೊರಗೆ ತಂದಿತು.

"ಓದೇ, ಓದೇ," ಎಂದು ಅತ್ತೆ ಸ್ಟೂಲಿನಿಂದ ಅರ್ಧ ಎದ್ದಳು.

ಇಂಗ್ಲಿಷಿನಲ್ಲಿ ಅಚ್ಚಾದ ಐದಕ್ಷರ. ಕೆಳಗೆ ನಂಬರು. ಜೋಡಿಯಕ್ಕ ಓದಿದಳು. "ನೈಲಾನ್."

ವಿಭಾಗಕ್ಕೆ ವಿಭಾಗವೇ ಮೇಜು ಬಡಿದುಕೊಂಡು ನಕ್ಕಿತು. ದೊಡ್ಡಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಬುದ್ಧಿಗೆ ಬೆಂಕಿ ಬೀಳ! ಲಾಟ್ ಚೀಟಿ ತೆಗೀಲೇ ಇಲ್ಲ."

"ಅದು ಹೆಸರಲ್ಲ, ದಾರ!" ಎಂದಳು ಅತ್ತೆ. "ಇನ್ನೊಂದು ಸಲ ಕೈ ಹಾಕಲಿ."

"ಒಂದೇ ಸಲ ಅಂತ ನಿಯಮ ಅತ್ತೆ."

"ಹೆಸರು ಬಂದ್ರೆ ನಿಯಮ. ನೂಲು ಬಂದ್ರೆ ಎಂಥಾ ನಿಯಮ?"

ಅತ್ತೆಯ ಅವಸರ ಜೋಡಿಯಕ್ಕನಿಗೆ ಈಗ ಹೊಳೆಯಿತು. ಚೀಲವನ್ನು ತಲೆಕೆಳಗು ಮಾಡಿ ಮೇಜಿನ ಮೇಲೆ ಕೊಡವಿದಳು. ಹನ್ನೆರಡು ಕಂದು ಚೀಟಿ ಉದುರಿದವು. ಒಂದನ್ನು ಬಿಡಿಸಿದಳು. ಅತ್ತೆಯ ತಾಯಿಯ ಹೆಸರು. ಇನ್ನೊಂದು ಬಿಡಿಸಿದಳು. ಅದೇ. ಮೂರನೆಯದೂ ಅದೇ. ಐದನೆಯದು ಬಿಡಿಸುವಷ್ಟರಲ್ಲಿ ಹನ್ನೆರಡು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಕುಂಬಳಕಾಯಿ ಕಳ್ಳ ಎಂದರೆ ಒಬ್ಬನಾದರೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ. ಇಲ್ಲಿ ಹನ್ನೆರಡು ಹೆಗಲು.

"ನನ್ನೊಬ್ಬಳನ್ನೇ ಕೇಳಿದ್ದು ಅಂದ್ರಲ್ಲಮ್ಮ ನೀವು!" ಎಂದಳು ಲೇಬಲ್ ಹೊಲಿಯುವವಳು.

"ನಂಗೂ ಹಾಗೇ ಅಂದ್ರು. ಕಣ್ಣಲ್ಲಿ ನೀರು ಬೇರೆ ಹಾಕಿದ್ರು," ಎಂದಳು ಇನ್ನೊಬ್ಬಳು.

"ನಮ್ಮಮ್ಮನ ಹೆಸರು ನನ್ನ ಜೊತೇಲೇ ಸುಟ್ಟುಹೋಗುತ್ತೆ ಅಂದ್ರು. ಪಾಪ ಅನ್ನಿಸ್ತು. ಹನ್ನೆರಡರಲ್ಲಿ ಒಂದು ತಾನೇ ಅಂತ ಬರೆದೆ," ಎಂದು ದೊಡ್ಡಮ್ಮನೂ ಒಪ್ಪಿಕೊಂಡಳು.

ಅತ್ತೆ ಹದಿನೈದು ದಿನ ಸೊಸೆಯ ಬಟ್ಟೆ ಒಗೆದು, ಮಗುವಿಗೆ ಎಣ್ಣೆ ಹಚ್ಚಿ, ಉಳಿದ ಹೊತ್ತಿನಲ್ಲಿ ಹನ್ನೆರಡು ಮನೆಯ ಮೆಟ್ಟಿಲು ಹತ್ತಿ ಇಳಿದಿದ್ದಳು. ಸಿಕ್ಕಿಬಿದ್ದ ಮೇಲೂ ತಲೆ ತಗ್ಗಿಸಲಿಲ್ಲ. "ಹೂಂ, ಕೇಳಿದೆ. ಕದ್ದಿಲ್ಲವಲ್ಲ. ಹೊಟ್ಟೆಗೆ ಹಾಕ್ಕೊಳ್ಳಿ," ಎಂದಳು. ನಗು ಇನ್ನೂ ಜೋರಾಯಿತು.

ಗದ್ದಲ ಕೇಳಿ ಭೂತಗನ್ನಡಿ ಮಾವ ತನ್ನ ಕೋಣೆಯಿಂದ ಬಂದ. ಬಂದ ನೂಲನ್ನೆಲ್ಲ ಕನ್ನಡಿಯಡಿ ಹಿಡಿದು ಪರೀಕ್ಷೆ ಮಾಡುವ ಮುದುಕ. ಓದಿಕೊಂಡವನು, ಕೇಳಿದರೆ ಬಿಡುವವನಲ್ಲ. ಜೋಡಿಯಕ್ಕ ಚೀಟಿ ತೋರಿಸಿದಳು. "ಮಾವ, ಈ ಮಾತಿಗೆ ಏನರ್ಥ?"

"ಅರ್ಥ ಇಲ್ಲ."

"ಏನಾದ್ರೂ ಇರುತ್ತಲ್ಲ."

"ಇಲ್ಲಮ್ಮ. ಈ ನೂಲು ಮಾಡಿದ ಕಂಪನಿಯವರು ಇದಕ್ಕೊಂದು ಹೆಸರು ಬೇಕು ಅಂತ ಸಮಿತಿ ಕೂರಿಸಿದ್ರು. ನಾನೂರರ ಹತ್ತಿರ ಹೆಸರು ಬಂದ್ವಂತೆ. ಒಂದೂ ಹಿಡಿಸಲಿಲ್ಲ. ಯಾವುದೋ ಒಂದನ್ನ ಹಿಂದುಮುಂದು ಮಾಡಿ, ಒಂದಕ್ಷರ ತೆಗೆದು ಇನ್ನೊಂದು ಹಾಕಿ, ಉಜ್ಜಿ ಉಜ್ಜಿ ಕೊನೆಗೆ ಹೀಗಾಯ್ತು. ಎರಡು ದೊಡ್ಡ ಊರಿನ ಹೆಸರು ಸೇರಿಸಿದ್ದು ಅಂತ ಜನ ಹೇಳ್ತಾರೆ. ಅದು ಆಮೇಲೆ ಕಟ್ಟಿದ ಕಥೆ."

"ಅದಕ್ಕೆ ಮುಂಚೆ ಈ ಮಾತು ಯಾರದ್ದಾಗಿತ್ತು?"

"ಯಾರದ್ದೂ ಅಲ್ಲ. ಹತ್ತಿಗೆ ಅಜ್ಜಿ ಇದ್ದಾಳೆ, ಉಣ್ಣೆಗೆ ಇದ್ದಾಳೆ, ರೇಷ್ಮೆಗಂತೂ ಹತ್ತು ಜನ ಅಜ್ಜೀರು. ಇದಕ್ಕಿಲ್ಲ."

ಜೋಡಿಯಕ್ಕ ಚೀಟಿಯನ್ನು ಮತ್ತೊಮ್ಮೆ ಓದಿದಳು. ಬಾಯಲ್ಲಿ ಹೇಳಿ ನೋಡಿದಳು. ನೈಲಾನ್. ನಾಲಿಗೆ ಎಲ್ಲೂ ಎಡವುವುದಿಲ್ಲ. ಯಾರ ನೆನಪೂ ಬರುವುದಿಲ್ಲ. ಯಾವ ಮನೆಯ ಮಗಳು, ಯಾವ ಕುಲ, ಯಾವ ದೇವರು ಎಂದು ಹೆಸರು ಕೇಳಿ ಅಳೆಯುವವರ ಕೋಲಿಗೆ ಸಿಗುವುದಿಲ್ಲ. ಇದೇ ಹೆಸರಿನ ಹೆಂಗಸು ಹಿಂದೆ ಸೌಟು ಎಸೆದಿಲ್ಲ, ಹೊಗಳಿಸಿಕೊಂಡೂ ಇಲ್ಲ. ಮಗುವಿನ ಕಾಲಿಗೆ ತೊಡಿಸಿದ ಮೊದಲ ಚೀಲದ ಹಾಗೆ, ಗುಳಿ ಬೀಳಬೇಕಾದರೆ ಇವಳದ್ದೇ ಬೀಳಬೇಕು.

"ಕೈಗೆ ಬಂದದ್ದು ಹೆಸರು. ನಿಯಮ ನಿಯಮವೇ," ಎಂದಳು. ದೊಡ್ಡಮ್ಮ ತಪ್ಪು ತನ್ನದಾದ್ದರಿಂದ ತಲೆಯಾಡಿಸಿದಳು. ಅತ್ತೆ ಮಗುವನ್ನು ಎತ್ತಿಕೊಂಡು ಬಾಗಿಲಿನತ್ತ ನಡೆದಳು.

ಅಂದು ಅತ್ತೆ ಸೊಸೆಯ ಜೊತೆ ಮಾತು ಬಿಟ್ಟಳು. ಬಿಟ್ಟಳು ಎಂದರೆ ನೇರ ಮಾತು ಬಿಟ್ಟಳು. ಹೇಳಬೇಕಾದದ್ದನ್ನೆಲ್ಲ ಮಗುವಿಗೆ ಹೇಳುತ್ತಿದ್ದಳು.

"ನಿಮ್ಮಮ್ಮಂಗೆ ಹೇಳು ಕಂದ, ಹಾಲು ಉಕ್ತಾ ಇದೆ ಅಂತ."

"ನಿಮ್ಮಜ್ಜಿಗೆ ಹೇಳು ಮರಿ, ನೋಡ್ದೆ ಅಂತ."

"ನಿಮ್ಮಮ್ಮಂಗೆ ಹೇಳು, ನಾಳೆ ಹೊರಗೆ ಹಗ್ಗ ಮಾರೋನು ಬಂದು ನೈಲಾನ್ ನೈಲಾನ್ ಅಂತ ಕೂಗಿದ್ರೆ ನೀನು ಓಡಿಹೋಗ್ತೀಯ ಅಂತ."

ಸಂಜೆ ಗಂಡ ಬಂದು ಕೈ ತೊಳೆದು ಊಟಕ್ಕೆ ಕುಳಿತ. ಎರಡು ಕಡೆಯ ದೂರೂ ಎರಡು ಕಿವಿಗೆ ಬಿದ್ದವು. ಮರುದಿನ ನೋಂದಣಿಗೆ ಕೊನೆಯ ದಿನ. ಕಚೇರಿಯಲ್ಲಿ ಕೇಳುವುದು ತಂದೆಯನ್ನು. ಅವನು ಏನು ಹೇಳಿದರೆ ಅದು. ಅವನಿಗೂ ಅದು ಗೊತ್ತಿತ್ತು, ಅದಕ್ಕೇ ತುತ್ತನ್ನು ತಟ್ಟೆಯಲ್ಲೇ ಉರುಳಿಸುತ್ತಿದ್ದ.

"ಬಸ್ಸಿನ ಟೈರಿನ ಮೇಲೂ ಅದೇ ಬರೆದಿರುತ್ತಮ್ಮ," ಎಂದ ತಟ್ಟೆ ನೋಡುತ್ತಲೇ.

"ಏನಂತ?"

"ನೈಲಾನ್ ಅಂತ. ರಬ್ಬರಿನ ಒಳಗೆ ಪದರ ಪದರ ಇರುತ್ತೆ. ಅರವತ್ತು ಜನ ಕೂತ್ರೂ ತಡ್ಕೊಳುತ್ತೆ."

"ಸರಿಹೋಯ್ತು! ನನ್ನ ಮೊಮ್ಮಗಳು ಈ ಕಡೆಯಿಂದ ಕಾಲುಚೀಲ, ಆ ಕಡೆಯಿಂದ ಟೈರು!"

"ಹಾಗಲ್ಲ. ಒಳ್ಳೇ ಮಾಲು ಅಂತ ಹೇಳ್ದೆ ಅಷ್ಟೆ."

"ಹಾಗಾದ್ರೆ ನಾಳೆ ಏನು ಬರೆಸ್ತೀರಿ?" ಎಂದು ಕೇಳಿದಳು ಜೋಡಿಯಕ್ಕ.

"ನೋಡೋಣ," ಎಂದ. ದೀಪ ಮತ್ತೆ ಅಡ್ಡಗೋಡೆ ಏರಿತು.

ಜನನ ಮರಣದ ಕಚೇರಿ ಎಂದರೆ ಒಂದು ಕೋಣೆ, ಅದರ ಹಿಂದೆ ಸಾಹೇಬರ ಕೋಣೆ. ಎದೆಮಟ್ಟದ ಕಟ್ಟೆ, ಕಟ್ಟೆಯ ಆಚೆ ಒಬ್ಬ ಗುಮಾಸ್ತ, ಅವನ ಎಡಕ್ಕೆ ಹುಟ್ಟಿದವರ ನೀಲಿ ರಿಜಿಸ್ಟರು, ಬಲಕ್ಕೆ ಸತ್ತವರ ಕಪ್ಪು ರಿಜಿಸ್ಟರು. ಈಚೆ ಒಂದೇ ಬೆಂಚು. ಬಂದವರು ಯಾರು ಯಾವುದಕ್ಕೆ ಬಂದಿದ್ದಾರೆ ಎಂದು ಮುಖ ನೋಡಿ ಹೇಳಲು ಆಗುವುದಿಲ್ಲ, ಕಾದು ಕಾದು ಎಲ್ಲರ ಮುಖವೂ ಒಂದೇ ಆಗಿರುತ್ತದೆ.

ಇವರ ಸರದಿ ಬಂತು. ಗುಮಾಸ್ತ ತಾರೀಖು ಬರೆದ, ಹೆಣ್ಣು ಎಂದು ಬರೆದ, ತಂದೆ ತಾಯಿ ಬರೆದ. ಹೆಸರಿನ ಮನೆ ಒಂದು ಖಾಲಿ ಉಳಿಯಿತು. ತಾಯಿಯ ತಲೆಯ ಮೇಲಿಂದ ತಂದೆಯನ್ನು ನೋಡಿ, "ಹೆಸರು?" ಎಂದ.

ಅತ್ತೆ ಹಿಂದಿನಿಂದ ಮಗನ ಬೆನ್ನಿಗೆ ಬೆರಳು ಚುಚ್ಚಿದಳು. ಜೋಡಿಯಕ್ಕ ಚುಚ್ಚಲಿಲ್ಲ, ಸುಮ್ಮನೆ ನೋಡಿದಳು. ಟೈರಿನವನು ಒಂದು ಸಲ ಚಾವಣಿ ನೋಡಿದ, ಒಂದು ಸಲ ತನ್ನ ಕೈ ನೋಡಿಕೊಂಡ. ಆಮೇಲೆ ವಾಲ್ವಿನಿಂದ ಗಾಳಿ ಬಿಟ್ಟ ಹಾಗೆ ಒಂದೇ ಉಸಿರಿಗೆ ಹೇಳಿಬಿಟ್ಟ.

"ನೈಲಾನ್."

ಜೀವಮಾನದಲ್ಲಿ ಅವನು ಒಂದು ಕಡೆ ನಿಂತದ್ದು ಅದೇ ಮೊದಲು. ಹೆಂಡತಿಗೆ ಅಲ್ಲೇ ಅವನ ಕೆನ್ನೆ ಹಿಂಡಬೇಕು ಎನಿಸಿತು.

ಗುಮಾಸ್ತ ಪೆನ್ನು ಕೆಳಗಿಟ್ಟ. "ಅದು ವಸ್ತು ಕಣ್ರೀ. ವಸ್ತುವಿನ ಹೆಸರು ಮನುಷ್ಯರಿಗೆ ಇಡೋ ಹಾಗಿಲ್ಲ."

"ಯಾಕಿಲ್ಲ?" ಎಂದಳು ಜೋಡಿಯಕ್ಕ. "ಮುತ್ತು ಅಂತ ಇಡಲ್ವಾ? ಚಿನ್ನ ಅಂತ ಇಡಲ್ವಾ? ನಿಮ್ಮ ಬುಕ್ಕಲ್ಲಿ ಎಷ್ಟಿದ್ದಾವೋ ತೆಗೆದು ನೋಡಿ. ಅವು ವಸ್ತು ಅಲ್ವಾ?"

"ಅವು ಬೆಲೆ ಬಾಳೋವು."

"ಓಹೋ. ನೀವು ಪೆಟ್ಟಿಗೇಲಿ ಬೀಗ ಹಾಕಿ ಇಡೋದು ಹೆಸರಾಗಬಹುದು, ನಾವು ದಿನಾ ಕೈಯಲ್ಲಿ ಮುಟ್ಟಿ ದುಡಿಯೋದು ಹೆಸರಾಗಬಾರದು. ಈಗ ನಿಮ್ಮ ಕಾಲಲ್ಲಿ ಏನಿದೆ? ಮುತ್ತಾ?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಗುಮಾಸ್ತ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡ. ನಗಿಸಿಕೊಂಡ ಗುಮಾಸ್ತನಷ್ಟು ಕೆಟ್ಟವನು ಇನ್ನೊಬ್ಬನಿಲ್ಲ. "ಬೇರೆ ಹೆಸರು ಹೇಳಿ," ಎಂದ.

"ಇದೆ ಸ್ವಾಮಿ," ಎಂದು ಅತ್ತೆ ಕಟ್ಟೆಗೆ ನುಗ್ಗಿ, ನಮ್ಮಮ್ಮನದು ಎನ್ನುತ್ತ ತನ್ನ ತಾಯಿಯ ಹೆಸರು ಹೇಳಿದಳು.

"ನೋಡಿ, ಹಿರಿಯರು ಅಂದ್ರೆ ಹೀಗಿರಬೇಕು." ಗುಮಾಸ್ತ ಪೆನ್ನು ಎತ್ತಿದ, ಮೊದಲ ಅಕ್ಷರಕ್ಕೆ ಮೊನೆ ಇಳಿಸಿದ. ಅಷ್ಟರಲ್ಲಿ ಜೋಡಿಯಕ್ಕನ ಅಂಗೈ ಪಟ್ಟೆಂದು ಆ ಖಾಲಿ ಮನೆಯ ಮೇಲೆ ಬಿತ್ತು.

"ಕೈ ತೆಗೀಮ್ಮ."

"ತೆಗಿಯಲ್ಲ."

"ಸರ್ಕಾರಿ ರಿಜಿಸ್ಟರು ಅದು!"

"ಮಗಳು ನನ್ನವಳು. ಯಾವ ನಿಯಮದಲ್ಲಿ ಈ ಹೆಸರು ಬೇಡ ಅಂದಿದೆಯೋ ಅದನ್ನ ತಂದು ತೋರಿಸಿ. ಆಗ ತೆಗಿತೀನಿ."

ಮೆರವಣಿಗೆ ಬೇಡ, ಬಾವುಟ ಬೇಡ. ಒಂದು ಅಂಗೈ ಸಾಕು, ಒಂದು ಕಚೇರಿ ನಿಲ್ಲುತ್ತದೆ. ಗುಮಾಸ್ತ ಕಪಾಟು ತೆಗೆದ, ಮೂರು ಪುಸ್ತಕದ ಧೂಳು ಕೊಡವಿದ, ಮುಚ್ಚಿದ. ನಿಯಮ ಸಿಗಲಿಲ್ಲ. ಸಾಹೇಬರ ಕೋಣೆಗೆ ಹೋಗಿ ಬಂದು, "ಫೋನಲ್ಲಿದ್ದಾರೆ," ಎಂದ. ಸಾಲು ಬಾಗಿಲು ದಾಟಿತು. ಯಾರೂ ಬೈಯಲಿಲ್ಲ. ಬಿಟ್ಟಿ ತಮಾಷೆಯನ್ನು ಯಾರು ಬೈಯುತ್ತಾರೆ?

"ನಮ್ಮಪ್ಪಂಗೆ ಈಗ ಅವಸರ ಇಲ್ಲ, ನೀವು ಮುಗಿಸ್ಕೊಳ್ಳಿ," ಎಂದ ತಂದೆಯ ಸಾವನ್ನು ಬರೆಸಲು ಬಂದವನು. "ಬದುಕಿದ್ದಾಗ ಮಾತ್ರ ಒಂದು ನಿಮಿಷ ಕಾಯ್ತಿರಲಿಲ್ಲ."

"ನಂಗೆ ಅವಳಿಜವಳಿ," ಎಂದಳು ಅವನ ಹಿಂದಿದ್ದವಳು. "ಒಂದಕ್ಕೆ ಹೆಸರು ಸಿಕ್ಕಿದೆ. ನೀನು ಇನ್ನೊಂದರ್ಧ ಗಂಟೆ ಕೈ ಇಟ್ಟಿರಮ್ಮ, ಇನ್ನೊಂದಕ್ಕೂ ಸಿಗುತ್ತೆ."

ಅರ್ಧ ಗಂಟೆಯಾಯಿತು. ಅತ್ತೆಯ ತೋಳಿನಲ್ಲಿ ಮಗು ಮುಲುಗಿತು. ಆಮೇಲೆ ಬಾಯಿ ತೆರೆಯಿತು. ಇಪ್ಪತ್ತು ದಿನದ ಗಂಟಲಿಗೆ ಇಡೀ ಕೋಣೆ ಸಾಲಲಿಲ್ಲ. ಜೋಡಿಯಕ್ಕನ ರವಿಕೆ ಎರಡೂ ಕಡೆ ಒದ್ದೆಯಾಯಿತು. ಎದೆಮಟ್ಟದ ಕಟ್ಟೆಯ ಮೇಲೆ ಒಂದು ಕೈ ಚಾಚಿ ನಿಂತವಳು ಮಗುವಿಗೆ ಮೊಲೆ ಕೊಡುವುದು ಹೇಗೆ? ಕೈ ತೆಗೆದರೆ ಹೆಸರು ಹೋಯಿತು. ತೆಗೆಯದಿದ್ದರೆ ಮಗು ಅಳುತ್ತದೆ.

ಗುಮಾಸ್ತ ಕುರ್ಚಿಗೆ ಒರಗಿ ಕನ್ನಡಕ ಒರೆಸಿಕೊಂಡ. "ನಂಗೇನೂ ಅವಸರ ಇಲ್ಲಮ್ಮ. ಎಷ್ಟೊತ್ತು ಅಳುತ್ತೋ ಅಳಲಿ. ನೋಡೋಣ," ಎಂದ. ಎಂದು ನಕ್ಕ.

ಆ ನಗುವನ್ನು ಅತ್ತೆ ನೋಡಿದಳು.

ಮಗುವನ್ನು ಎದೆಗೊತ್ತಿಕೊಂಡು ಕಟ್ಟೆಯ ಹತ್ತಿರ ಬಂದಳು. ನಿನ್ನೆಯಿಂದ ಮೊದಲ ಬಾರಿಗೆ ಸೊಸೆಯ ಮುಖ ನೋಡಿ ಮಾತಾಡಿದಳು.

"ಕೈ ತೆಗಿ."

"ತೆಗಿಯಲ್ಲ ಅತ್ತೆ."

"ತೆಗಿಯೇ. ನಾನಿಡ್ತೀನಿ."

ಜೋಡಿಯಕ್ಕ ಅತ್ತೆಯ ಕಣ್ಣು ನೋಡಿದಳು. ನಾಲ್ಕು ವರ್ಷದಲ್ಲಿ ಈ ಹೆಂಗಸು ತನ್ನ ಒಂದು ಮಾತಿಗೂ ಹೂಂಗುಟ್ಟಿರಲಿಲ್ಲ. ಆದರೆ ಹನ್ನೆರಡು ಚೀಟಿಯ ವಿಷಯ ಬಿಟ್ಟರೆ ಒಂದು ಮೋಸವನ್ನೂ ಮಾಡಿರಲಿಲ್ಲ. ಹನ್ನೆರಡು ಚೀಟಿ ಸಣ್ಣ ವಿಷಯವೂ ಅಲ್ಲ. ಮಗು ಇನ್ನೊಮ್ಮೆ ಕಿರುಚಿತು. ಜೋಡಿಯಕ್ಕ ಅಂಗೈಯನ್ನು ಮೆಲ್ಲಗೆ ಜಾರಿಸಿದಳು. ಜಾರಿದಷ್ಟೇ ಜಾಗಕ್ಕೆ ಅತ್ತೆಯ ಅಂಗೈ ಜಾರಿತು. ನಡುವೆ ಪೆನ್ನಿನ ಮೊನೆ ಹೋಗುವಷ್ಟೂ ಸಂದಿಯಿರಲಿಲ್ಲ.

ಬೆಂಚಿನವರು ಎದ್ದು ಜಾಗ ಮಾಡಿಕೊಟ್ಟರು. ಜೋಡಿಯಕ್ಕ ಗೋಡೆಗೆ ಮುಖ ಮಾಡಿ ಮಗುವನ್ನು ಎದೆಗೆ ಹಚ್ಚಿಕೊಂಡಳು. ಅಳು ನಿಂತಿತು. ಕೋಣೆ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಗುಮಾಸ್ತನ ಮೆತ್ತನೆಯ ದನಿ ಕೇಳಿಸಿತು.

"ಅಜ್ಜಿ, ಈಗ ನಿಮ್ಮ ಸೊಸೆ ಅಲ್ಲಿದ್ದಾರೆ. ಒಂಚೂರು ಕೈ ಎತ್ತಿ. ನಿಮ್ಮಮ್ಮನ ಹೆಸರು ಬರೆದುಬಿಡ್ತೀನಿ. ಒಂದೇ ನಿಮಿಷ."

ಜೋಡಿಯಕ್ಕ ಗೋಡೆಯಿಂದ ಮುಖ ತಿರುಗಿಸಿ ಅತ್ತೆಯ ಕೈ ನೋಡಿದಳು. ಅದು ಇದ್ದಲ್ಲೇ ಇತ್ತು.

"ನಮ್ಮಮ್ಮ ಯಾರ ಮನೆ ಮಗು ಅತ್ರೂ ಕೈಲಿದ್ದ ಕೆಲಸ ಬಿಟ್ಟು ಓಡ್ತಿದ್ಲು," ಎಂದಳು ಅತ್ತೆ. "ಹಸಿದ ಮಗು ಅಳ್ತಿದ್ರೆ ಹಲ್ಲು ಬಿಡೋನ ಕೈಯಿಂದ ಅವಳ ಹೆಸರು ಬರೆಸೋಕೆ ನಂಗೆ ಮಾನ ಇಲ್ವಾ? ನೈಲಾನ್ ಅಂತ ಬರಿ."

"ಅಜ್ಜಿ, ಅದು ವಸ್ತು..."

"ವಸ್ತುವೇ ಕಣಯ್ಯ. ಹರಿಯಲ್ಲ, ಮುದುರಲ್ಲ, ಅರವತ್ತು ಜನ ಕೂತ್ರೂ ತಡ್ಕೊಳುತ್ತೆ. ಟೈರು ಹಾಕೋನು ನನ್ನ ಮಗ ಹೇಳ್ದ. ನೀನು ಒಂದು ಮಗು ಅತ್ರೆ ತಡ್ಕೊಳಲ್ಲ. ಬರಿ ಅಂದೆ."

ಸಾಲಿನ ನಗು ಸಾಹೇಬರ ಕೋಣೆಯ ಬಾಗಿಲು ತೆರೆಸಿತು. ಸಾಹೇಬರು ಬಂದು ಬಾಗಿಲಾಚೆ ಹೋದ ಸಾಲನ್ನು ನೋಡಿದರು, ರಿಜಿಸ್ಟರಿನ ಮೇಲಿದ್ದ ಮುದಿ ಕೈ ನೋಡಿದರು, "ಏನ್ರೀ ಇದು?" ಎಂದರು.

"ಈ ಥರ ಹೆಸರು ಬರೆಯೋ ರೂಢಿ ಇಲ್ಲ ಸಾರ್."

"ಬರೀಬಾರದು ಅಂತ ನಿಯಮ ಇದೆಯಾ?"

"ಹುಡುಕ್ತಾ ಇದೀನಿ ಸಾರ್."

"ಹುಡುಕೋ ಅಷ್ಟರಲ್ಲಿ ಆ ಮಗು ಮದುವೆಗೆ ಬರುತ್ತೆ. ಬರೀರಿ," ಎಂದು ಸಾಹೇಬರು ಊಟದ ಡಬ್ಬಿ ತೆಗೆದುಕೊಂಡು ಹೊರಟರು.

ಗುಮಾಸ್ತ ಬರೆದ. ಮಗುವನ್ನು ಭುಜಕ್ಕೆ ಹಾಕಿಕೊಂಡು ಬಂದ ಜೋಡಿಯಕ್ಕ ಒಂದೊಂದು ಅಕ್ಷರವೂ ಬೀಳುವುದನ್ನು ನೋಡುತ್ತ ನಿಂತಳು. ಶಾಯಿ ಒಣಗುವ ತನಕ ಅತ್ತೆ ಪುಟ ಮುಚ್ಚಲು ಬಿಡಲಿಲ್ಲ.

ಮುಂದಿನ ಹತ್ತು ವರ್ಷದಲ್ಲಿ ಆ ಸುತ್ತಿನ ಬೀದಿಗಳಲ್ಲಿ ಇನ್ನೂ ಇಬ್ಬರು ನೈಲಾನ್‌ಗಳು ಹುಟ್ಟಿದರು. ಒಬ್ಬಳ ತಾಯಿ, ಕೂಗಿದರೆ ಮೂರನೇ ಬೀದಿಗೂ ಕೇಳಿಸುತ್ತದೆ ಎಂದಳಂತೆ. ಇನ್ನೊಬ್ಬಳ ತಂದೆ, ಹೊಸ ಮಾತು, ಯಾರೂ ಎಂಜಲು ಮಾಡಿಲ್ಲ ಎಂದನಂತೆ. ಇಷ್ಟಪಡುವುದಕ್ಕೆ ಜನಕ್ಕೆ ಅಷ್ಟು ಸಾಕು. ಕಚೇರಿಯಲ್ಲಿ ಯಾರೂ ತಕರಾರು ಮಾಡಲಿಲ್ಲ. ಗುಮಾಸ್ತನೇ, "ಇದು ರೂಢಿಯಲ್ಲಿದೆ," ಎಂದು ಬರೆದುಕೊಟ್ಟನಂತೆ.

ಆದರೆ ಆ ದಿನ ಮನೆಗೆ ನಡೆಯುವಾಗ ದಾರಿಯುದ್ದಕ್ಕೂ ಅತ್ತೆಯ ಗೊಣಗಾಟವೇ. ಟೈರಿನವನು ಎರಡು ಹೆಜ್ಜೆ ಹಿಂದೆ. "ಹೆಸರು ನಂಗೆ ಹಿಡಿಸಿದೆ ಅಂತ ತಿಳ್ಕೋಬೇಡ. ಇಲ್ಲ. ಸಾಯೋ ತನಕ ಹಿಡಿಸಲ್ಲ."

"ಗೊತ್ತು ಅತ್ತೆ."

"ನಾನು ಪುಟ್ಟಿ ಅಂತಲೇ ಕರೆಯೋದು."

"ಕರೀರಿ ಅತ್ತೆ."

ಬೀದಿಯ ತಿರುವಿನಲ್ಲಿ ಹೊಸ್ತಿಲ ಮೇಲೆ ಕುಳಿತಿದ್ದ ಪಕ್ಕದ ಮನೆಯವಳು ಕೈ ಬೀಸಿದಳು. "ಬರೆಸಿದ್ರಾ? ಮಗೂಗೆ ಏನು ಹೆಸರು?"

ಜೋಡಿಯಕ್ಕ ಬಾಯಿ ತೆರೆಯುವ ಮೊದಲೇ ಅತ್ತೆ ನಿಂತಳು. "ನೈಲಾನ್."

"ನೈಲಾನಾ? ಹಾಗಂದ್ರೆ ಏನರ್ಥ?"

"ಅರ್ಥ ಇಲ್ಲ. ನಿಮ್ಮ ಮಗನ ಹೆಸರಿಗೆ ಒಂದು ಮೊಳ ಅರ್ಥ ಇದೆಯಲ್ಲ, ಈಗ ಏನು ಮಾಡ್ತಿದಾನೆ?"

ಪಕ್ಕದ ಮನೆಯವಳು ಒಳಗೆ ಒಮ್ಮೆ ನೋಡಿದಳು. "ಮಲಗಿದಾನೆ," ಎಂದಳು.